ಹಗ್ಗ ಮುಟ್ಟದ ಮುಂಜಾನೆ

ಕೆರೆಯ ಮೂಡಣ ದಂಡೆಯಲ್ಲಿ ಜಲಪರ್ಣಿ ಕಳೆ ಇದೆ ಎಂದು ನನ್ನ ಕಣ್ಣು ಹೇಳಿತ್ತು. ಇಲ್ಲ ಎಂದು ರೇಡಾರ್ ಹೇಳುತ್ತಿತ್ತು. ಎರಡರಲ್ಲಿ ಒಂದನ್ನು ನಂಬಲೇಬೇಕಾಗಿ ಬಂದಾಗ ನಾನು ಮೊದಲು ಕೈಬಿಟ್ಟದ್ದು ನನ್ನ ಕಣ್ಣನ್ನು.

ಅದಕ್ಕೆ ಕಾರಣವಿತ್ತು. ಉಟಗಿ ನನ್ನ ತಾಯಿಯ ತವರು. ಊರಾಚೆಗಿನ ಆ ಕೆರೆಯಲ್ಲೇ ನಾನು ಈಜು ಕಲಿತದ್ದು ಎಂದು ವಿಶ್ವವಿದ್ಯಾಲಯದ ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದೆ. ನೀರಿನ ತಂಪು, ಕಾಲಿಗೆ ತಾಕಿದ ಕೆಸರು, ದಂಡೆಯ ಮೇಲೆ ಕೂತು ನಗುತ್ತಿದ್ದ ಮಾಮಾ, ಎಲ್ಲವೂ ನನಗೆ ನೆನಪಿತ್ತು. ಈ ಕೆಲಸ ಒಪ್ಪಿಕೊಂಡ ದಿನ ಅವ್ವನಿಗೆ ಫೋನಿನಲ್ಲಿ ಅದನ್ನೇ ಹೇಳಿದೆ. ಅವಳು ನಕ್ಕುಬಿಟ್ಟಳು.

"ಆ ಕೆರ್ಯಾಗ ನೀರ ಎಲ್ಲಿತ್ತೋ ಈಜ ಕಲಿಯಾಕ? ನೀ ಈಜ ಕಲ್ತಿದ್ದು ನಿಮ್ಮ ಮಾಮಾನ ಬಾವ್ಯಾಗ. ಕೆರ್ಯಾಗ ನೀವು ಕ್ರಿಕೆಟ್ ಆಡ್ತಿದ್ರಿ!"

ಅವಳು ಹೇಳಿದ್ದೇ ಸರಿ. ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಆ ಭಾಗದಲ್ಲಿ ನನ್ನ ಬಾಲ್ಯದ ಕೆರೆಗಳೆಂದರೆ ಬಿರುಕು ಬಿಟ್ಟ ಮಣ್ಣು, ನಡುವೆ ಒಂದಿಷ್ಟು ಜಾಲಿಗಿಡ. ಹೀಗೆ ನನ್ನ ನೆನಪು ಒಂದು ಕೆರೆಯನ್ನೇ ತುಂಬಿಸಿಕೊಂಡಿತ್ತು. ಅಂದಿನಿಂದ ನಾನು ಕಂಡದ್ದನ್ನು ಬರೆದಿಟ್ಟುಕೊಳ್ಳದಿದ್ದರೆ ಕಂಡದ್ದೇ ಅಲ್ಲ ಎಂಬ ನಿಲುವಿಗೆ ಬಂದಿದ್ದೆ.

ಈಗ ಆ ಕೆರೆಯಲ್ಲಿ ನಿಜಕ್ಕೂ ನೀರಿತ್ತು. ನದಿಯಿಂದ ಎತ್ತಿದ ನೀರು ಕಾಲುವೆಯಲ್ಲಿ ಹರಿದು ಬಂದು ಮಳೆಗಾಲದಲ್ಲಿ ಕೆರೆ ತುಂಬಿಸುತ್ತಿತ್ತು. ಮೊದಲ ಸಲ ನೀರು ಬಂದಾಗ ಜನ ಅರಿಶಿನ ಕುಂಕುಮ ಹಾಕಿ ಪೂಜೆ ಮಾಡಿದ್ದರಂತೆ. ನೀರಿನ ಬೆನ್ನಿಗೇ ಜಲಪರ್ಣಿಯೂ ಬಂತು. ಮರಾಠಿಯ ಆ ಹೆಸರನ್ನೇ ಅಲ್ಲಿ ಕನ್ನಡದವರೂ ಬಳಸುತ್ತಾರೆ. ಊದಿಕೊಂಡ ತೊಟ್ಟು, ದಪ್ಪ ಎಲೆ, ತಿಳಿ ನೇರಳೆ ಹೂವು, ಬೇರೆಲ್ಲ ನೀರಿನೊಳಗೆ ತೇಲುತ್ತಿರುವ ಕಳೆ. ಮೊದಲ ವರ್ಷ ಹೆಂಗಸರು ಆ ಹೂವನ್ನು ತಲೆಗೆ ಮುಡಿದಿದ್ದರಂತೆ. ಎರಡು ವರ್ಷ ಕಳೆಯುವುದರೊಳಗೆ ಅದು ಕೆರೆಯ ಮೇಲೆ ಚಾಪೆಯಂತೆ ಹಾಸಿಕೊಂಡಿತ್ತು.

ತಾಲೂಕಿನ ನೀರಾವರಿ ಇಂಜಿನಿಯರರ ಕೈಗೆ ಆ ಹಂಗಾಮಿಗೆ ಸಿಕ್ಕಿದ್ದು ಕಳೆ ಕತ್ತರಿಸಿ ಎತ್ತುವ ಒಂದೇ ಒಂದು ದೋಣಿಯಂಥ ಯಂತ್ರ. ಕಳೆ ಹತ್ತಿದ ಕೆರೆಗಳೋ ಹಲವು. ಯಂತ್ರ ಎಲ್ಲಿಗೆ ಮೊದಲು ಹೋಗಬೇಕು ಎಂದು ಹೇಳುವ ನಕಾಶೆ ಮಾಡಿಕೊಡುವುದು ನನ್ನ ಕೆಲಸ.

"ಫೋಟೋ ತಂದ ತೋರಿಸಬ್ಯಾಡ್ರಿ ಮತ್ತ," ಎಂದು ಇಂಜಿನಿಯರರು ಮೊದಲ ಭೇಟಿಯಲ್ಲೇ ಕೈಮುಗಿದರು. ಅವರ ಮೊಬೈಲು ಮೇಜಿನ ಮೇಲೆ ಗುಂಯ್‌ಗುಡುತ್ತಲೇ ಇತ್ತು. "ಎಲ್ಲಾ ಊರಿನವ್ರೂ ತಮ್ಮ ತಮ್ಮ ಕೆರ್ಯಾಗಿನ ಹೊಲಸ ಮೂಲಿ ಹುಡುಕಿ ಫೋಟೋ ಹೊಡದ ಕಳಸ್ತಾರ. ನೋಡಿ ನೋಡಿ ನನ್ನ ಕಣ್ಣ ಹಸರ ಆಗ್ಯಾವ. ಉಪಗ್ರಹಕ್ಕ ಯಾವ ಊರಾಗೂ ಪಾವ್ಣ್ಯಾರ ಬೀಗರ ಇಲ್ಲ, ಹೌದಿಲ್ಲೊ? ಅದ ಏನ್ ಅಂತದ ಅದನ್ನ ತರ್ರಿ. ಜನಾ ಇರೂ ದಂಡಿಗಿ ಕಳೆ ಮುಟ್ಟಿದ್ರ ಮೊದಲ ನಂಬರ. ನಡುವ ತೇಲ್ತಿದ್ರ ಆಮ್ಯಾಲ."

ಆ ತಿಂಗಳುಗಳಲ್ಲಿ ಮಾಮೂಲಿ ಉಪಗ್ರಹ ಚಿತ್ರ ನೆರವಿಗೆ ಬರುವುದಿಲ್ಲ. ಜತ್ತದ ಮೇಲೆ ಮಳೆ ಸುರಿಯದಿದ್ದರೂ ಮೋಡ ಮಾತ್ರ ಕದಲುವುದಿಲ್ಲ. ಅದಕ್ಕೇ ರೇಡಾರ್. ಅದು ಫೋಟೋ ಅಲ್ಲ. ಉಪಗ್ರಹ ತಾನೇ ಓರೆಯಾಗಿ ಒಂದು ಅಲೆಯನ್ನು ಕೆಳಗೆ ಕಳಿಸಿ, ತಿರುಗಿ ಬಂದದ್ದನ್ನು ಅಳೆಯುತ್ತದೆ. ನಿಂತ ನೀರು ಕನ್ನಡಿಯ ಹಾಗೆ ಆ ಅಲೆಯನ್ನು ಆಚೆಗೇ ಜಾರಿಸಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಜಲಪರ್ಣಿಯ ಎಲೆ, ತೊಟ್ಟುಗಳ ನಡುವೆ ಸಿಕ್ಕ ಅಲೆ ಅಲ್ಲೇ ಬಡಿದಾಡಿ ಒಂದಿಷ್ಟು ವಾಪಸು ಬರುತ್ತದೆ, ಅಲ್ಲಿ ಬಿಳುಪು. ಹೇಳುವಾಗ ಇಷ್ಟು ಸುಲಭ.

ಆದರೆ ಅದು ಆಷಾಢ. ಆ ಸೀಮೆಯ ಆಷಾಢದ ಗಾಳಿ ಮನೆಯ ತಗಡಿನ ಮೇಲೆ ಇಟ್ಟ ಕಲ್ಲನ್ನೂ ಸರಿಸುತ್ತದೆ. ಗಾಳಿಗೆ ಕಲಕಿದ ನೀರು ಒರಟಾಗಿ, ಅದೂ ಬೆಳ್ಳಗೆ ಕಾಣುತ್ತದೆ. ಮೊದಲ ಚಿತ್ರಗಳಲ್ಲಿ ಇಡೀ ಕೆರೆ ಬೂದಿ ಚೆಲ್ಲಿದ ಹಾಗಿತ್ತು. ಕಳೆ ಯಾವುದು, ತೆರೆ ಯಾವುದು ತಿಳಿಯಲಿಲ್ಲ. ಕೊನೆಗೆ ಎರಡನೆಯ ಪದರದ ಮೊರೆಹೋದೆ. ಕಳಿಸಿದ ಅಲೆ ತನ್ನ ಕಂಪನದ ದಿಕ್ಕು ಬದಲಿಸಿಕೊಂಡು ಮರಳಿದ್ದನ್ನು ಅದು ಬೇರೆಯಾಗಿ ದಾಖಲಿಸುತ್ತದೆ. ಕಲಕಿದ ನೀರು ಅದರಲ್ಲಿ ಅಷ್ಟಾಗಿ ಬೆಳಗುವುದಿಲ್ಲ, ಗಿಡ ಬೆಳಗುತ್ತದೆ. ನನ್ನ ಬಾಲ್ಯದ ಜಾಲಿಗಿಡಗಳು ಈಗ ಮೊಣಕಾಲುದ್ದ ನೀರಿನಲ್ಲಿ ನಿಂತು ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಫಳಫಳ ಹೊಳೆಯುತ್ತಿದ್ದವು. ಅವನ್ನು ಗುರುತಿಸಿ ಲೆಕ್ಕದಿಂದ ಹೊರಗಿಟ್ಟೆ. ಹೊರಗಿಡುವಾಗ, ನಗಬೇಡಿ, ಇದು ವಿಕೆಟ್ ನೆಡುತ್ತಿದ್ದ ಗಿಡವೇ ಇರಬೇಕು ಎಂದು ಒಂದು ಚುಕ್ಕಿಯ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡು ಕೂತಿದ್ದೆ. ಅದೂ ಸುಳ್ಳಿರಬಹುದು.

ಎಲ್ಲ ಸೋಸಿದ ಮೇಲೆ ನಕಾಶೆ ಸ್ಪಷ್ಟವಾಯಿತು. ಕಳೆ ಕೆರೆಯ ನಡುವೆ ಮತ್ತು ಬಡಗಣ ಮೂಲೆಯಲ್ಲಿತ್ತು. ಕುರಿಗಾರರ ವಸ್ತಿ ಇರುವ ಮೂಡಣ ದಂಡೆ ಅಚ್ಚಕಪ್ಪು, ಅಂದರೆ ಬರೀ ನೀರು.

ಅದೇ ವಸ್ತಿಗೆ ನಾನು ಕೆಲವು ದಿನಗಳ ಹಿಂದೆ ಒಂದು ಮಧ್ಯಾಹ್ನ ಹೋಗಿ ಬಂದಿದ್ದೆ. ನನ್ನನ್ನು ಮಾತಾಡಿಸಿದ್ದು ಒಬ್ಬ ಕುರಿಗಾರ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವರು. "ಬರ್ರಿ, ಕುಂದ್ರಿ," ಎಂದು ಕಂಬಳಿ ಹಾಸಿ, ಚಹಾ ಕೊಟ್ಟು, ದಂಡೆಗೆ ಕರೆದೊಯ್ದು ತೋರಿಸಿದ್ದರು. ಕಾಲಿಡಲೂ ಜಾಗವಿಲ್ಲದಂತೆ ಹಸಿರು. ಹಿಂದಿನ ವಾರ ಒಂದು ಕುರಿ ಅದನ್ನು ನೆಲವೆಂದು ತಿಳಿದು ಕಾಲಿಟ್ಟು ಮುಳುಗಿತ್ತು.

"ಮದಲ ಮಳಿಗಾಲ ಬಂತಂದ್ರ ನಾವು ಕುರಿ ಹೊಡಕೊಂಡ ಭೀಮಾ ದಂಡಿಗಿ ಹೋಗತಿದ್ದಿವ್ರಿ," ಎಂದಿದ್ದರು ಅವರು. "ನೀರ ಬಂದ ಮ್ಯಾಲ ಇಲ್ಲೇ ನಿಂತಿವಿ. ಮಗಳು ಸಾಲಿ ತಪ್ಪಿಸಿಲ್ಲ. ಈ ವರ್ಷ ಹತ್ತನೇತ್ತ. ಈ ಕಳೆ ಹಿಂಗ ಬೆಳೀತಂದ್ರ ಮತ್ತ ಕುರಿ ಹೊಡಕೊಂಡ ಹೋಗೂದ. ಅಕಿನ್ನ ಒಬ್ಬಾಕಿನ್ನ ಎಲ್ಲಿ ಬಿಡೂನ್ರಿ? ಸಾಲಿ ಅಲ್ಲಿಗೇ ಮುಗೀತು."

ಇದೆಲ್ಲ ನನಗೆ ನೆನಪಿತ್ತು. ಫೋಟೋವನ್ನೂ ತೆಗೆದಿದ್ದೆ. ಆದರೆ ಕಂಪ್ಯೂಟರಿನ ಮುಂದೆ ಕೂತು ನೋಡಿದರೆ ಆ ಫೋಟೋದಲ್ಲಿ ಬರೀ ಹಸಿರು, ಮೇಲೆ ಬೂದು ಆಕಾಶ. ಗುರುತಿಗೆ ಒಂದು ಗಿಡವಿಲ್ಲ, ಗೋಡೆಯಿಲ್ಲ. ಮೊಬೈಲಿನಲ್ಲಿ ಸ್ಥಳ ದಾಖಲಾಗಿರಲಿಲ್ಲ. ನಾನು ಅಂದು ಕೆರೆಯ ಸುತ್ತ ಪೂರ್ತಿ ತಿರುಗಿದ್ದೆ. ಈ ಹಸಿರು ವಸ್ತಿಯ ಮುಂದಿನದೋ, ಬಡಗಣ ಮೂಲೆಯದೋ? ಇಲ್ಲದ ನೀರಿನಲ್ಲಿ ಈಜಿದವನು ನಾನು. ಇಲ್ಲದ ಕಳೆಯನ್ನು ಕಂಡಿರಲಾರೆನೆ? ಹೋಗಿ ಬಂದ ಮೇಲೆ ತೆಗೆದ ಚಿತ್ರದಲ್ಲೂ ದಂಡೆ ಕಪ್ಪಾಗಿಯೇ ಇತ್ತು. ನಕಾಶೆ ಕಳಿಸಿದೆ. ಆ ಕೆರೆ ಪಟ್ಟಿಯ ಕೊನೆಗೆ ಹೋಯಿತು. ಯಂತ್ರ ಶೇಗಾಂವದ ಕೆರೆಯ ಕಡೆಗೆ ಹೊರಡುವ ಮಾತಾಯಿತು.

ವಾರದೊಳಗೆ ಆ ಹೆಂಗಸಿನ ಫೋನು ಬಂತು.

"ಏನ್ ನೋಡಿ ಹೋದ್ರಿ ಸಾಹೇಬ್ರ ನೀವು? ನಮ್ಮ ದಂಡಿ ಸ್ವಚ್ಛ ಐತಂತ! ಕುರಿ ಸತ್ತಿದ್ದು ಹಾಲಿನ್ಯಾಗ ಮುಳಗೇನು?"

ನಾನು ರೇಡಾರಿನ ಮಾತು ತೆಗೆದೆ. ಅವರು ಪೂರ್ತಿ ಕೇಳಲಿಲ್ಲ. "ನಿಮ್ಮ ಕಾಲಿಗಿ ಹತ್ತಿದ ರಾಡಿ ನಾನ ನೀರ ಹಾಕಿ ತೊಳಸೀನಿ. ಅದೂ ನೆನಪಿಲ್ಲೇನ್ರಿ?"

ನೆನಪಿತ್ತು. ಅದೇ ನನ್ನ ತೊಂದರೆ. ಕಣ್ಣು ತಪ್ಪೋ, ಉಪಗ್ರಹ ತಪ್ಪೋ ಎಂದು ಕೂತಲ್ಲೇ ವಾದಿಸಿ ಫಲವಿರಲಿಲ್ಲ. ಎರಡನ್ನೂ ಒಂದೇ ಹೊತ್ತಿಗೆ ಒಂದೇ ಜಾಗದ ಮೇಲೆ ನಿಲ್ಲಿಸಬೇಕು. ಉಪಗ್ರಹ ಹತ್ತು ಹನ್ನೆರಡು ದಿನಕ್ಕೊಮ್ಮೆ, ಬೆಳಗಿನ ಆರರ ಸುಮಾರಿಗೆ ಆ ಕೆರೆಯ ಮೇಲೆ ಹಾಯುತ್ತಿತ್ತು. ಮುಂದಿನ ಸಲ ಅದು ಹಾಯುವಾಗ ನಾನೂ ಅಲ್ಲಿರುತ್ತೇನೆ ಎಂದು ನಿರ್ಧರಿಸಿದೆ. ಇಂಜಿನಿಯರರನ್ನು ಬೇಡಿಕೊಂಡೆ. "ಈ ಮಹಿನೆ ಮುಗಿಯೂತನಾ ತಡೀತೀನಿ," ಎಂದರು. "ಆಮ್ಯಾಲ ನನ್ನ ಕೈಯಾಗ ಇಲ್ಲ. ಶೇಗಾಂವದವ್ರು ನನ್ನ ಮನಿ ಮುಂದ ಬಂದ ಕುಂದರ್ತಾರ."

ಉಟಗಿಯಲ್ಲಿ ಮಾಮಾನ ಮನೆಯಲ್ಲಿ ಉಳಿದು, ನಸುಕಿನಲ್ಲಿ ಅವರ ಮೋಟಾರ್ ಸೈಕಲ್ ತೆಗೆದುಕೊಂಡು ವಸ್ತಿಗೆ ಹೋದೆ. ಹಿಂದಿನ ದಿನವೆಲ್ಲ ಬೀಸಿದ ಗಾಳಿ ನಿಂತಿತ್ತು. ಜೋಳದ ದಂಟಿನ ಹೊಗೆ, ಕುರಿಗಳ ಹಸಿ ಉಣ್ಣೆಯ ವಾಸನೆ. ದಂಡೆಯ ಬಳಿ ಏಳೆಂಟು ಜನ ನಿಂತಿದ್ದರು. ಉದ್ದನೆಯ ಹಗ್ಗಕ್ಕೆ ಅಲ್ಲಲ್ಲಿ ಜಾಲಿಯ ಟೊಂಗೆ ಕಟ್ಟಿತ್ತು. ಒಬ್ಬಾತ ಲಾರಿಯ ಟ್ಯೂಬಿನ ಮೇಲೆ ಬೋರಲಾಗಿ ತೇಲುತ್ತ ಆ ಹಗ್ಗವನ್ನು ಕಳೆಯ ಆಚೆಯಂಚಿಗೆ ಸುತ್ತಿ ತಂದ. ಉಳಿದವರು ಎರಡೂ ತುದಿ ಹಿಡಿದು ದಂಡೆಗುಂಟ ಬಡಗಣಕ್ಕೆ ನಡೆದರು. ಗಾಳಿಯ ಒತ್ತಡವಿಲ್ಲದ ಹೊತ್ತು. ಹಸಿರು ಚಾಪೆ ಅಷ್ಟಗಲಕ್ಕೂ ಮೆಲ್ಲಗೆ ಜಾರಿತು. ಅದರ ಹಿಂದೆ ನೀರು ತೆರೆದುಕೊಂಡಿತು, ಕಪ್ಪಗೆ, ನುಣ್ಣಗೆ. ಕುರಿಗಳು ಓಡಿಬಂದು ಬಾಯಿ ಹಚ್ಚಿದವು.

ನಾನು ಗಡಿಯಾರ ನೋಡಿದೆ. ಆರಾಗುತ್ತಲಿತ್ತು.

"ಇದನ್ನ ದಿನಾ ಮಾಡ್ತೀರೇನ್ರಿ?"

"ದಿನಾ ಮಾಡಲಿಲ್ಲಂದ್ರ ಕುರಿ ಏನ್ ಕುಡೀಬೇಕ್ರಿ?" ಎಂದರು ಆ ಹೆಂಗಸು, ಹಗ್ಗ ಬಿಟ್ಟು ಅಂಗೈ ಒರೆಸಿಕೊಳ್ಳುತ್ತ. "ಗಾಳಿ ಎದ್ದತಂದ್ರ ಮಧ್ಯಾನ ಅನ್ನೂದ್ರಾಗ ಮತ್ತ ಬಂದ ಮುಚಗೊಂತೈತಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಅಂಗಳದ ಕಸಾ ಹೊಡಿಯೂದನ್ನ ಬಂದವ್ರಿಗೆಲ್ಲಾ ಹೇಳ್ತಾರೇನ್ರಿ ಯಾರರೆ?"

ಅಲ್ಲೇ ಕಲ್ಲಿನ ಮೇಲೆ ಕೂತೆ. ಉಪಗ್ರಹ ಸುಳ್ಳು ಹೇಳಿರಲಿಲ್ಲ, ನನ್ನ ಕಣ್ಣೂ ಹೇಳಿರಲಿಲ್ಲ. ಉಪಗ್ರಹ ಬರುವುದು ಯಾವಾಗಲೂ ಇದೇ ಹೊತ್ತಿಗೆ. ಇಡೀ ದಿನದಲ್ಲಿ ಈ ದಂಡೆ ಸ್ವಚ್ಛವಾಗಿರುವುದೂ ಇದೇ ಹೊತ್ತಿಗೆ. ನಾನು ಬಂದದ್ದು ಮಧ್ಯಾಹ್ನ. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ಆ ಹೆಂಗಸಿನ ಮಾವ, ದೊಡ್ಡ ಮೀಸೆಯ ಮುದುಕ, ಬಾಯೊಳಗಿನ ಎಲೆಯಡಿಕೆ ಉಗಿದು ಹೇಳಿದರು: "ಅಂದ್ರ ದಿನಾ ನಾವು ಮೈ ಮುರದ ದುಡದದ್ದಕ್ಕ ನಮ್ಮ ನಂಬರ ಹಿಂದ ಬಿತ್ತು. ಮನಿಕೊಂಡಿದ್ರ ಮಶೀನ ಬರ್ತಿತ್ತು."

ಎಲ್ಲರೂ ನಕ್ಕರು. ಹೆಂಗಸು ನಗಲಿಲ್ಲ.

ಮುಂದಿನ ಸಲ ಉಪಗ್ರಹ ಬರುವ ಮುಂಜಾನೆ ಹಗ್ಗ ಮುಟ್ಟಬೇಡಿ ಎಂದು ಕೇಳಿದೆ. ಕೇಳುವಾಗಲೇ ನನ್ನೊಳಗೆ ತಕರಾರು ಎದ್ದಿತ್ತು. ಅಳೆಯಬೇಕಾದ ವಸ್ತುವನ್ನು ನಾನೇ ಹೀಗಿರು ಹಾಗಿರು ಎಂದು ನಿಲ್ಲಿಸಿದರೆ ಅದು ಅಳತೆಯೋ, ನಾಟಕವೋ? ಆದರೆ ಈವರೆಗಿನ ಚಿತ್ರಗಳಲ್ಲಿ ಇದ್ದದ್ದಾದರೂ ಏನು? ಈ ಜನರ ಒಂದು ತಾಸಿನ ದುಡಿಮೆ. ಕೆರೆ ಉಳಿದ ದಿನವೆಲ್ಲ ಹೇಗಿರುತ್ತದೋ ಹಾಗೆ ಒಮ್ಮೆ ಕಾಣಲಿ ಎಂದೆ.

"ನಾವ ಎಳದ್ರ ನಿಮ್ಮ ನಕಾಶಿ ಸುಳ್ಳಾಗತೈತಿ, ಎಳೀದಿದ್ರ ಖರೇ ಆಗತೈತಿ?" ಹೆಂಗಸು ನನ್ನ ಮುಖವನ್ನೇ ನೋಡಿದರು. "ಹಾಲ ಕುಡಿಸೂ ಕುರಿ ಅದಾವ್ರಿ. ನೀರ ತಪ್ಪಿಸಿದ್ರ ಹಾಲ ಬತ್ತತಾವ. ಅವತ್ತ ಮಾಡಿದ್ದಕ್ಕ ಮಶೀನ ಬಂದ ಬರತೈತೇನ್ರಿ?"

"ಬರತೈತಿ ಅಂತ ಹೇಳಾಕ ಆಗೂದಿಲ್ಲ," ಎಂದೆ. "ಗಾಳಿ ಇತ್ತಂದ್ರ ಚಿತ್ರಾ ಕೆಡಬಹುದು. ಇಂಜಿನಿಯರ ಒಪ್ಪದೇನೂ ಇರಬಹುದು."

ಅವರು ಒಮ್ಮೆ ಕುರಿಗಳ ಕಡೆಗೆ ನೋಡಿದರು. "ಬರತೈತಿ ಅಂದಿದ್ರ ನಾ ಒಲ್ಲೆ ಅಂತಿದ್ನಿ," ಎಂದರು. "ಒಂದ ಮುಂಜಾನಿ ನೋಡೂನು."

ಆ ಮುಂಜಾನೆ ನಾನು ಹೋದಾಗ ವಸ್ತಿಯೆಲ್ಲ ದಂಡೆಯ ಮೇಲಿತ್ತು. ಮುದುಕರು ತಲೆಗೆ ಹೊಸ ಪಟಕ ಸುತ್ತಿದ್ದರು.

"ಎಲ್ಲಿ ನಿಂದರಲ್ರಿ?"

"ಅಜ್ಜಾ, ಇದು ಫೋಟೋ ಅಲ್ಲರಿ. ಪಟಕಾ ಕಾಣಸೂದಿಲ್ಲ."

"ಹಂಗಾರ ಏನ್ ಕಾಣತೈತಿ ಅದಕ್ಕ?"

"ಒರಟ ಯಾವುದು, ನುಣಪ ಯಾವುದು, ಅಷ್ಟ."

"ನನ್ನ ಸೊಸೀನೂ ಅಷ್ಟ ನೋಡತಾಳ," ಎಂದರು ಮುದುಕರು. "ನನ್ನ ಮಾತ ಒರಟಂತ, ತನ್ನ ಮಾತ ನುಣಪಂತ."

"ಖರೇ ಹೇಳತೈತಲ್ಲ ಮತ್ತ ಮಾಮಾ ಅದು!" ಎಂದು ಸೊಸೆ ಅಲ್ಲಿಂದಲೇ ಕೂಗಿದರು.

ಆಮೇಲೆ ನಗೆ ನಿಂತಿತು. ಕುರಿಗಳಿಗೆ ಯಾವ ಹೊತ್ತು ಯಾವುದೆಂದು ಗೊತ್ತಿತ್ತು. ಮುಳ್ಳಿನ ಬೇಲಿಗೆ ಎದೆಯೊತ್ತಿ ಒದರತೊಡಗಿದವು. ಹಗ್ಗ ಸುರುಳಿಯಾಗಿ ಬಿದ್ದಿತ್ತು. ಹೆಂಗಸು ಅದರ ಮೇಲೆಯೇ ಕೂತುಬಿಟ್ಟಿದ್ದರು, ತನ್ನ ಕೈಯನ್ನೇ ತಾನು ನಂಬದವರ ಹಾಗೆ. ತುಸು ದೂರದಲ್ಲಿ ಅವರ ಮಗಳು ಶಾಲೆಯ ನೀಲಿ ಯೂನಿಫಾರ್ಮಿನಲ್ಲಿ, ಪುಸ್ತಕದ ಚೀಲ ಎದೆಗವಚಿಕೊಂಡು ನಿಂತಿದ್ದಳು. ಮೋಡ ಕೈಗೆಟುಕುವಷ್ಟು ಕೆಳಗಿತ್ತು. ಗಾಳಿ ಇರಲಿಲ್ಲ.

"ಬಂತೇನ್ರಿ?"

"ಇನ್ನಾ ಇಲ್ಲ."

ಒದರುವಿಕೆ ಹೆಚ್ಚಿತು. ಒಂದು ಕುರಿ ಬೇಲಿ ದಾಟಲು ಹವಣಿಸಿ ಮುಳ್ಳಿಗೆ ಸಿಕ್ಕಿತು, ಯಾರೋ ಬಿಡಿಸಿದರು.

"ಈಗರೆ ಬಂತೇನ್ರಿ?"

"ಹೋತು," ಎಂದೆ ಗಡಿಯಾರ ನೋಡಿ. "ಈಗ ಹೋತು."

ಎಲ್ಲರೂ ಮೇಲೆ ನೋಡಿದರು. ಮೋಡ ಬಿಟ್ಟು ಏನೂ ಇರಲಿಲ್ಲ. ಹೆಂಗಸು ಆಗಲೇ ಹಗ್ಗ ಹಿಡಿದಿದ್ದರು.

ಆ ಚಿತ್ರ ನನ್ನ ಪರದೆಯ ಮೇಲೆ ತೆರೆದುಕೊಂಡಾಗ ಮೂಡಣ ದಂಡೆ ಈ ತುದಿಯಿಂದ ಆ ತುದಿಗೆ ಬೆಳ್ಳಗಿತ್ತು. ಹಿಂದಿನ ಚಿತ್ರಗಳನ್ನೂ ಇದನ್ನೂ ಅಕ್ಕಪಕ್ಕ ಇಟ್ಟು, ಹಗ್ಗದ ಸಂಗತಿಯನ್ನು ಒಂದೂ ಬಿಡದೆ ಬರೆದು ಇಂಜಿನಿಯರರ ಮುಂದಿಟ್ಟೆ. ಅವರು ಎರಡು ಸಲ ಓದಿದರು. "ಅಂದ್ರ ಉಪಗ್ರಹಕ್ಕೂ ಪಾವ್ಣ್ಯಾರ ಇದ್ದಂಗಾತು," ಎಂದರು. ನಗುತ್ತಿದ್ದರೋ, ಬೈಯುತ್ತಿದ್ದರೋ ಗೊತ್ತಾಗಲಿಲ್ಲ. ಮತ್ತೆ ಅವರೇ ಒಂದು ಮಧ್ಯಾಹ್ನ ಹೇಳದೆ ಕೇಳದೆ ಜೀಪಿನಲ್ಲಿ ಹೋಗಿ ದಂಡೆ ನೋಡಿ ಬಂದರು. ಯಂತ್ರ ಮೊದಲು ಅಲ್ಲಿಗೆ ಹೋಯಿತು. ಶೇಗಾಂವದ ಕಡೆಯವರು ಅವರ ಮನೆಯ ಮುಂದೆ ಕೂತರೋ ಇಲ್ಲವೋ ನಾನು ಕೇಳಲಿಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳಾಗಿವೆ. ಈಚೆಗೆ ನಮ್ಮ ವಿಭಾಗಕ್ಕೆ ಬಂದ ಸಹೋದ್ಯೋಗಿಯೊಬ್ಬರು ಆ ಕೆರೆಯ ಹಳೆಯ ಚಿತ್ರಗಳನ್ನೆಲ್ಲ ಸಾಲಾಗಿ ಜೋಡಿಸುತ್ತಿದ್ದರು. ಯಂತ್ರ ಬರುವ ಮೊದಲಿನ ಮುಂಜಾನೆಗಳಲ್ಲಿ ದಂಡೆ ಕಪ್ಪು. ಯಂತ್ರ ಬಂದ ನಂತರವೂ ಕಪ್ಪು. ನಡುವೆ ಒಂದೇ ಒಂದು ಬಿಳಿ ಚಿತ್ರ.

"ಇದೊಂದು ಕೆಟ್ಟಿದೆ. ಗಾಳಿಯ ದೋಷ ಇರಬೇಕು. ತೆಗೆದುಬಿಡಲಾ?" ಎಂದರು.

ಬೇಡ ಎಂದೆ. ಹೇಳಿದ ಮೇಲೆ, ನನ್ನ ಸ್ವಭಾವ, ಸಂಶಯ ಶುರುವಾಯಿತು. ಅಂದು ಗಾಳಿ ಇರಲಿಲ್ಲ ಎನ್ನುವುದಕ್ಕೆ ನನ್ನ ನೆನಪಲ್ಲದೆ ಬೇರೇನಿದೆ? ಆ ಹೆಂಗಸಿಗೆ ಫೋನು ಮಾಡಿದೆ. ನನ್ನ ಹೆಸರು ಹೇಳುವ ಮೊದಲೇ ಗುರುತು ಹಿಡಿದರು.

"ಗಾಳಿ ಎಲ್ಲೀದ್ರಿ? ಎಲಿ ಸೈತ ಅಳಗಾಡಲಿಲ್ಲ ಅವತ್ತ. ಕುರಿ ಒದರಿದ್ದು ಇನ್ನಾ ನನ್ನ ಕಿವ್ಯಾಗ ಐತಿ."

"ನಿಮ್ಮ ಮಗಳು ಯೂನಿಫಾರ್ಮ್ ಹಾಕ್ಕೊಂಡು ಅಲ್ಲೇ ನಿಂತಿದ್ಲು, ಹೌದಲ್ಲ?"

ಅವರು ಅವ್ವನ ಹಾಗೆಯೇ ನಕ್ಕರು. "ಅಕಿ ಎಲ್ಲಿದ್ಲರಿ ಅಲ್ಲಿ? ಹಾಸಿಗ್ಯಾಗ ಬಿದ್ದಿದ್ಲು. ಏಳ ಅಂದ್ರ ಏಳಾಕಿ ಅಲ್ಲ ಅಕಿ. ಈಗ ಸಾಂಗ್ಲ್ಯಾಗ ಕಾಲೇಜಿಗಿ ಹೋಗತಾಳ. ಅಲ್ಲೂ ಹಂಗ ಮಾಡತಾಳಂತ."

ನಾನು ಆ ಹುಡುಗಿಯನ್ನು ದಂಡೆಯಿಂದ ಅಳಿಸಲು ಪ್ರಯತ್ನಿಸಿದೆ. ನೀಲಿ ಯೂನಿಫಾರ್ಮ್ ಅಲ್ಲೇ ನಿಂತಿತ್ತು.

"ಸಾಹೇಬ್ರ, ನಾನೂ ಒಂದ ಕೇಳಬೇಕಂತ ಭಾಳ ದಿನಾ ಆಗಿತ್ರಿ," ಎಂದರು ಅವರು. "ಅವತ್ತ ಅದು ಖರೇನ ಬಂದಿತ್ತೇನ್ರಿ? ನಾವಂತೂ ಯಾರೂ ಏನೂ ನೋಡಲಿಲ್ಲ."

ಪರದೆಯ ಮೇಲೆ ಆ ಬಿಳಿ ದಂಡೆ ಇನ್ನೂ ತೆರೆದೇ ಇತ್ತು.

"ಬಂದಿತ್ರಿ," ಎಂದೆ.